ಹಾಳೆ ಮುಟ್ಟದೆ ರಟ್ಟು ಬದಲಾಯಿಸುವ ಕಲೆ

ಪಕ್ಕದ ಮನೆಯ ರಟ್ಟು ಮಾವನ ಮೇಲೆ ನನಗೆ ಬಹಳ ದಿನ ಅಪಾರ ಮರುಕವಿತ್ತು. ನಮ್ಮೆರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಹೆಸರಿಗೆ ಮಾತ್ರ ಗೋಡೆ. ಸಂಜೆ ದೀಪ ಹಾಕುವ ಹೊತ್ತಿಗೆ ಸರಿಯಾಗಿ ಆ ಕಡೆಯಿಂದ ಅವರ ಹೆಂಡತಿಯ ಧ್ವನಿ ಶುರುವಾಗುತ್ತಿತ್ತು.

"ಎಳೀಬೇಡಿ ಅಂದ್ನಲ್ಲ! ಅದು ತಾನಾಗೇ ಹೋಗುತ್ತೆ, ನೀವು ಸುಮ್ನೆ ಹಿಡ್ಕೊಂಡಿದ್ರೆ ಸಾಕು. ನೋಡಿ, ಮತ್ತೆ ಸೊಟ್ಟಗಾಯ್ತು. ಬಿಚ್ಚಿ. ಪೂರ್ತಿ ಬಿಚ್ಚಿ. ಮೊದಲಿಂದ ಮಾಡಿ."

ಮಾವನ ಕಡೆಯಿಂದ ಚಕಾರವಿಲ್ಲ. (ಇಂಥ ಸಂದರ್ಭದಲ್ಲಿ ಗಂಡನಾದವನು ಚಕಾರ ಎತ್ತುವುದಿಲ್ಲ ಎಂಬುದು ನನಗೂ ಸ್ವಾನುಭವದಿಂದ ಗೊತ್ತು.) ಮರುದಿನವೂ ಅದೇ ಹೊತ್ತಿಗೆ, ಒಂದಕ್ಷರ ಬದಲಾಗದೆ ಅದೇ ಬೈಗುಳ. ಒಬ್ಬ ಮನುಷ್ಯ ಒಂದೇ ತಪ್ಪನ್ನು ಎಷ್ಟು ಸಲ ಮಾಡಬಹುದು? ಕೊನೆಗೊಂದು ಸಂಜೆ ನೆರೆಯವನ ಕರ್ತವ್ಯವೆಂದು ಸಕ್ಕರೆ ಕೇಳುವ ನೆಪದಲ್ಲಿ ಶಾಂತಿಸಂಧಾನಕ್ಕೆ ಹೊರಟೆ. ಬಾಗಿಲು ತೆರೆದೇ ಇತ್ತು. ಒಳಗೆ ಮಾವ ಒಬ್ಬರೇ, ಟಿವಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಪರದೆಯ ತುಂಬ ಎರಡು ಕೈ, ಒಂದು ಹೊಲಿಗೆ ಮಷೀನು, ಒಂದು ಅಂಗಿಯ ಕಾಲರು. ಧ್ವನಿ ಬರುತ್ತಿದ್ದದ್ದು ಅಲ್ಲಿಂದ. ಅವರ ಹೆಂಡತಿ ಊರಲ್ಲಿಲ್ಲದೆ ತಿಂಗಳುಗಳೇ ಆಗಿದ್ದವೆಂದು ನನಗೆ ತಿಳಿದದ್ದು ಆಗಲೇ. ಬೈಯುವವರು ಹತ್ತಿರವಿಲ್ಲ ಎಂದು ಈ ಮನುಷ್ಯ ಬೈಗುಳವನ್ನು ಹಾಕಿಕೊಂಡು ಕೇಳುತ್ತಿದ್ದರು.

"ಸಕ್ಕರೆ ಡಬ್ಬಿ ಎಲ್ಲಿದೆಯೋ ನಂಗೂ ಗೊತ್ತಿಲ್ಲ," ಎಂದರು ಪರದೆಯಿಂದ ಕಣ್ಣು ಕೀಳದೆ. "ಅವಳನ್ನೇ ಕೇಳ್ಬೇಕು."

ರಟ್ಟು ಮಾವ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಅಂಟಿನ ವಾಸನೆ, ಒತ್ತು ಯಂತ್ರ, ಮೂಲೆಯಲ್ಲಿ ಆನೆಮರಿಯಂಥ ಕತ್ತರಿಸುವ ಮಷೀನು. ಅವರ ಪ್ರಕಾರ ಪುಸ್ತಕ ಬರೆಯುವುದು ಯಾರಿಗಾದರೂ ಬರುತ್ತದೆ, ಅದನ್ನು ಬಾಳಿಕೆ ಬರುವಂತೆ ನಿಲ್ಲಿಸುವುದು ಬೈಂಡರಿಗೆ ಮಾತ್ರ. ಹೆಂಡತಿ ಹೊಲಿಗೆ ತರಬೇತಿ ಕೇಂದ್ರದ ಟೀಚರು. ಕೈಯ ಸೂಜಿಯಷ್ಟೇ ಚೂಪಾಗಿ ನಾಲಿಗೆಯೂ ಓಡುವುದರಿಂದ ಬೀದಿಗೆಲ್ಲ ಸೂಜಿ ಅತ್ತೆ. ಕೇಂದ್ರದವರು ಬೇರೊಂದು ಊರಿನಲ್ಲಿ ಹೊಸ ಶಾಖೆ ತೆರೆದು, ಅದಕ್ಕೊಂದು ನೆಲೆ ಕಾಣಿಸಿ ಬನ್ನಿ ಎಂದು ಅತ್ತೆಯನ್ನು ಒಂದು ವರ್ಷಕ್ಕೆ ಕಳಿಸಿದ್ದರು. ಇಲ್ಲಿನ ಶಿಷ್ಯೆಯರ ಪಾಠ ನಿಲ್ಲಬಾರದಲ್ಲ? ಅದಕ್ಕೆ ವಾರಕ್ಕೊಂದು ಪಾಠವನ್ನು ಅತ್ತೆ ಅಲ್ಲಿಂದಲೇ ಕ್ಯಾಮೆರಾದಲ್ಲಿ ಹಿಡಿದು ಮಾವನ ಕಂಪ್ಯೂಟರಿಗೆ ಕಳಿಸುವುದು, ಮಾವ ಅದನ್ನು ಪೆನ್‌ಡ್ರೈವಿಗೆ ತುಂಬಿ ಇಲ್ಲಿನ ಕೇಂದ್ರದ ಟಿವಿಗೆ ತಲುಪಿಸುವುದು ಎಂದಾಯಿತು.

ಕೇಂದ್ರದ ಟಿವಿ ಮೊದಲ ಪಾಠವನ್ನೇ ಮೂಸಿ ನೋಡಿ ಬೇಡವೆಂದಿತು. ಮನೆಯ ಟಿವಿಯೂ ಅದೇ ಜಾತಿ, ಅದೇ ಹಟ. "ಈ ಫೈಲ್ ತೆರೆಯಲಾಗದು" ಎಂದು ಬರೆದುಕೊಂಡು ಕಪ್ಪು ಮುಖ ಮಾಡಿಕೊಂಡು ಕೂತಿತು. ಮಾವ ಸೋಲುವ ಕುಳವಲ್ಲ. ಯಾವುದೋ ಸಾಫ್ಟ್‌ವೇರ್ ಹಾಕಿ ಫೈಲನ್ನು ಪರಿವರ್ತಿಸಲು ಕೂತರು. ಬೆಳಗ್ಗೆ ಒತ್ತಿದ ಗುಂಡಿಗೆ ಕಂಪ್ಯೂಟರು ಸಂಜೆಯವರೆಗೆ ಏದುಸಿರು ಬಿಟ್ಟಿತು. ಅದರ ಬಿಸಿಗೆ ಪಕ್ಕದಲ್ಲಿದ್ದ ಅಂಟೂ ಕರಗಿತು. ಅಷ್ಟೆಲ್ಲ ಆಗಿ ಬಂದ ಚಿತ್ರದಲ್ಲಿ ಅತ್ತೆಯ ಕೈಗಳು ನೀರಲ್ಲಿ ನೆನೆದ ಕಾಗದದಂತಿದ್ದವು. ದಾರವೇ ಕಾಣದ ಹೊಲಿಗೆ ಪಾಠ.

ಮರುದಿನ ಅದು ಕೇಂದ್ರ ತಲುಪಿದ ಸಂಜೆ ಅತ್ತೆಯ ಫೋನು ಬಂತು. "ರೀ, ನನ್ನ ಕೈಗೆ ಏನು ಮಾಡಿದ್ರಿ? ಹುಡುಗೀರು ಫೋನ್ ಮಾಡಿ, ಟೀಚರ್ ನಿಮಗೆ ಮೈಯಲ್ಲಿ ಹುಷಾರಿಲ್ವಾ ಅಂತ ಕೇಳ್ತಿದ್ದಾರೆ!"

"ನಾನೇನೂ ಮಾಡಿಲ್ಲ ಕಣೇ. ಪರಿವರ್ತನೆ ಮಾಡ್ದೆ."

"ಮೂವತ್ತು ವರ್ಷ ನಿಮ್ಮನ್ನ ಪರಿವರ್ತನೆ ಮಾಡೋಕೆ ನನ್ನಿಂದ ಆಗ್ಲಿಲ್ಲ, ನೀವು ಒಂದೇ ದಿನದಲ್ಲಿ ನನ್ನ ಮಾಡ್ಬಿಟ್ರಾ?"

ಮಾವ ಬೀದಿ ಮೂಲೆಯ ಕಂಪ್ಯೂಟರ್ ರಿಪೇರಿಯಮ್ಮನನ್ನು ಕರೆತಂದರು. ಆಕೆ ಫೈಲನ್ನು ನೋಡಿ ನಕ್ಕರು. "ಮಾವ, ಒಳಗಿರೋ ಚಿತ್ರ ನಿಮ್ಮ ಟಿವಿಗೆ ಆಗುತ್ತೆ. ಧ್ವನಿನೂ ಆಗುತ್ತೆ. ಆಗದೇ ಇರೋದು ಹೊರಗಿನ ಡಬ್ಬಿ ಮಾತ್ರ. ನೀವು ಡಬ್ಬಿ ಬದಲಾಯಿಸೋದು ಬಿಟ್ಟು, ಒಳಗಿರೋದನ್ನೆಲ್ಲ ಅರೆದು ಹೊಸದಾಗಿ ಮಾಡೋಕೆ ಹೋಗಿದ್ದೀರಿ. ಹಾಳಾಗದೆ ಇನ್ನೇನಾಗುತ್ತೆ? ಇಲ್ಲಿ 'ಕಾಪಿ' ಅಂತ ಇದೆ ನೋಡಿ. ಚಿತ್ರಾನೂ ಧ್ವನೀನೂ ಇದ್ದ ಹಾಗೇ ಎತ್ತಿ ಬೇರೆ ಡಬ್ಬಿಗೆ ಇಡುತ್ತೆ."

ಮಾವನ ಮುಖದಲ್ಲಿ ಜ್ಞಾನೋದಯವಾಯಿತು. "ಹಾಳೆ ಮುಟ್ಟದೆ ರಟ್ಟು ಬದಲಾಯಿಸೋದು! ಅಯ್ಯೋ, ಇದು ನಮ್ಮದೇ ಕೆಲಸ ಅಲ್ವೇನಮ್ಮಾ!"

ಬೆರಳು ಒದ್ದೆ ಮಾಡಿ ಹಾಳೆ ತಿರುವುವಷ್ಟರಲ್ಲಿ ಕೆಲಸ ಮುಗಿದಿತ್ತು. ಟಿವಿ ತುಟಿಪಿಟಿಕ್ಕೆನ್ನದೆ ಒಪ್ಪಿಕೊಂಡಿತು. ನಡುವೊಂದು ಕಡೆ ಓಡಿಸಿ ನೋಡಿದರೆ ದಾರದ ಒಂದೊಂದು ಎಳೆಯೂ ಎಣಿಸುವಂತೆ ಕಂಡಿತು. ಅಂದಿನಿಂದ ಮಾವ ನೆಲದ ಮೇಲೆ ನಡೆಯಲಿಲ್ಲ. ಹಾಲಿನವನಿಗೆ, ಅಂಚೆಯವನಿಗೆ, ಹಳೆಯ ನಿಘಂಟು ಬೈಂಡ್ ಮಾಡಿಸಲು ಬಂದ ಮೇಷ್ಟರಿಗೆ, ಯಾರು ಸಿಕ್ಕರೂ ಅದೇ ಉಪನ್ಯಾಸ. "ಜನ ಸುಮ್ಮನೆ ಒಳಗಿರೋದನ್ನ ಕೆಡಿಸ್ತಾರೆ. ಹೊದಿಕೆ ಬದಲಾಯಿಸಿದ್ರೆ ಸಾಕು. ಸಂಸಾರದಲ್ಲೂ ಅಷ್ಟೇ."

ಹೀಗೆ ಹೇಳಿ ಸುಮ್ಮನಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಕೈ ಬೈಂಡರದ್ದು. ಬೈಂಡರಾದವನು ಯಾವ ಪುಸ್ತಕವನ್ನೂ ಅಂಚು ಕತ್ತರಿಸದೆ ಗಿರಾಕಿಗೆ ಕೊಡುವುದಿಲ್ಲ. ಹೊಲಿದು, ಅಂಟಿಸಿ, ಒಣಗಿಸಿ, ಕೊನೆಗೆ ಮಷೀನಿಗಿಟ್ಟು ಹೊರಬದಿಯ ಅಂಚುಗಳನ್ನು ಚಕ್ಕೆಂದು ಕತ್ತರಿಸಿದರೇನೇ ಅದು ಪುಸ್ತಕ. ಇಲ್ಲದಿದ್ದರೆ ಕಾಗದದ ಕಂತೆ. ಆ ಸಾಫ್ಟ್‌ವೇರಿನಲ್ಲಿ ಪುಟ್ಟದೊಂದು ಕತ್ತರಿಯ ಚಿತ್ರವಿತ್ತು. ಮೊದಲ ಪಾಠದಿಂದಲೇ ಮಾವನಿಗೆ ಅದು ಕಣ್ಣು ಮಿಟುಕಿಸಿ ಕರೆದಂತಾಯಿತು. ಪ್ರತಿ ಪಾಠದ ಆರಂಭದಲ್ಲೂ ಕೊನೆಯಲ್ಲೂ ಕುರ್ಚಿ ಎಳೆದ ಸದ್ದು, ಕೆಮ್ಮು, ಏನೋ ಕಪ್ಪಗೆ ಅಡ್ಡ ಬರುವುದು. ಅಚ್ಚುಕಟ್ಟಿಲ್ಲದ ಅಂಚು! ಹೀಗೆ ತಲೆಯ ಕಡೆ ಒಂದಿಷ್ಟು, ಬಾಲದ ಕಡೆ ಒಂದಿಷ್ಟು, ಚಕ್, ಚಕ್. ಏನನ್ನು ಕತ್ತರಿಸುತ್ತಿದ್ದೇನೆ ಎಂದು ನೋಡುವ ಅಭ್ಯಾಸ ಅವರಿಗಿಲ್ಲ. "ಓದ್ತಾ ಕೂತವನು ಬೈಂಡರಲ್ಲ, ಗಿರಾಕಿ" ಎಂಬುದು ಅವರ ಜೀವನತತ್ತ್ವ.

ಕತ್ತರಿಸಿ ಸಿಂಗರಿಸಿದ ಪಾಠ ಕೇಂದ್ರಕ್ಕೊಂದು, ಮನೆಗೊಂದು. ಸಂಜೆ ಅಂಗಡಿಯ ಬಾಗಿಲು ಹಾಕಿ, ಸ್ಟೂಲು ಎಳೆದುಕೊಂಡು ಮಾವ ಗಿರಾಕಿಯಾಗುತ್ತಿದ್ದರು. ಆ ಕೈಗಳು ಬಟ್ಟೆಯನ್ನು ನೀವುವುದು, ಬಳೆಯನ್ನು ಮೊಣಕೈಯತ್ತ ಸರಿಸುವುದು, ಹೆಬ್ಬೆರಳಿನ ಹಳೆಯ ಸೂಜಿಗಾಯ. ಎಲ್ಲವನ್ನೂ ನೋಡುವರು. ಮೂವತ್ತು ವರ್ಷ ಅದೇ ಕೈ ಬಡಿಸಿದ್ದನ್ನು ಪತ್ರಿಕೆ ಓದುತ್ತ ತಿಂದ ಮನುಷ್ಯ ಈಗ ಅದೇ ಕೈ ಕಾಜಾ ಹೊಲಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮನೆ ಖಾಲಿಯಾದ ಮೇಲೆ ಅವರಿಗೆ ತಿಳಿದಿದ್ದು, ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಹೊಲಿಗೆ ಮಷೀನಲ್ಲ ಎಂದು.

ಒಂದೇ ಕೊರಗು. "ಕೈ ಮಾತ್ರ ತೋರಿಸ್ತಾಳೆ," ಎಂದು ಒಮ್ಮೆ ನನ್ನೆದುರು ಹಲುಬಿದರು. "ಇಷ್ಟು ಪಾಠ ಮಾಡಿದ್ಲಲ್ಲ, ಒಂದೇ ಒಂದು ಸಲ ಮುಖ ತೋರಿಸಿದ್ರೆ ಗಂಟು ಹೋಗ್ತಿತ್ತಾ?"

ಫೋನಿನಲ್ಲಿ ನೋಡೋಣವೆಂದರೆ ಮಾವನದ್ದು ಗುಂಡಿ ಒತ್ತುವ ಫೋನು. ಮಾತಾಡೋಣವೆಂದರೆ ಅತ್ತೆಯ ಹಾಸ್ಟೆಲಿನಲ್ಲಿ ಪಕ್ಕದ ಮಂಚಕ್ಕೂ ಕಿವಿ ಇತ್ತು. "ಹಾಲು ಬಂತಾ?" "ಬಂತು." "ಕರೆಂಟ್ ಬಿಲ್?" "ಕಟ್ಟಿದೆ." ಇವರ ದಾಂಪತ್ಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಂದು ಸಂಜೆ ಅತ್ತೆ ಹಾಲಿನ ಸುದ್ದಿ ಎತ್ತಲಿಲ್ಲ.

"ರೀ, ಹೋದ ವಾರದ ಪಾಠ ನೋಡಿದ್ರಾ?"

"ದಿನಾ ನೋಡ್ತೀನಿ. ಬಹಳ ಅಚ್ಚುಕಟ್ಟು."

"ಕೊನೇವರೆಗೂ?"

"ಕೊನೇವರೆಗೂ."

"ಹಾಗಾದ್ರೆ ಹೇಳಿ. ಏನ್ ಮಾಡ್ಲಿ?"

ಹೋದ ವಾರದ ಪಾಠ ತೋಳಿನ ಪಟ್ಟಿಯದು. ಒಂಟಿ ಹೊಲಿಗೆಯೋ ಜೋಡಿ ಹೊಲಿಗೆಯೋ ಎಂದು ಅತ್ತೆ ಅದರಲ್ಲಿ ಸಾಕಷ್ಟು ಚರ್ಚಿಸಿದ್ದರು. ತಮ್ಮ ಅಭಿಪ್ರಾಯಕ್ಕೂ ಬೆಲೆ ಬಂತಲ್ಲ ಎಂದು ಮಾವ ಉಬ್ಬಿ, ಉದಾರವಾಗಿ ಹೇಳಿದರು: "ಅದು ನಿನಗೆ ಬಿಟ್ಟಿದ್ದು. ನಿನಗೆ ಹೇಗೆ ಅನುಕೂಲಾನೋ ಹಾಗೆ ಮಾಡು. ನನ್ನದೇನೂ ಇಲ್ಲ."

"ನಿಮ್ಮದೇನೂ ಇಲ್ವಾ?"

"ನನ್ನದೇನಿದೆ ಅದ್ರಲ್ಲಿ?"

"ಸರಿ. ಇಡ್ತೀನಿ."

ಹೆಂಡತಿಗೆ ವೃತ್ತಿಸ್ವಾತಂತ್ರ್ಯ ಕೊಟ್ಟ ಹೆಮ್ಮೆಯಲ್ಲಿ ಮಾವ ಆ ದಿನ ಎರಡು ತುತ್ತು ಹೆಚ್ಚು ಉಂಡರು. ಆಮೇಲೆ ಫೋನು ಬರುವುದೇ ಅಪರೂಪವಾಯಿತು. ಬಂದರೂ ಹಾಲಿನವರೆಗೂ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಕೇಂದ್ರದಿಂದ ದೂರು ಬಂತು. ಪಾಠದ ಮೊದಲ ಮಾತೇ ಇಲ್ಲ, ಟೀಚರು ಏಕ್‌ದಂ "ಆದ್ದರಿಂದ" ಎಂದು ಶುರುಮಾಡುತ್ತಾರೆ, ಯಾವುದರಿಂದ ಎಂದು ತಿಳಿಯದೆ ಶಿಷ್ಯೆಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ ಎಂದು. ಮತ್ತೆ ರಿಪೇರಿಯಮ್ಮ ಬಂದರು.

"ಮಾವ, ಒಳಗಿರೋದನ್ನ ಮುಟ್ಟದೆ ಕತ್ತರಿಸಬೇಕು ಅಂದ್ರೆ ಎಲ್ಲಿ ಬೇಕೋ ಅಲ್ಲಿ ಆಗಲ್ಲ. ನಿಮ್ಮ ಪುಸ್ತಕದಲ್ಲಿ ಕಟ್ಟು ಕಟ್ಟಾಗಿ ಹಾಳೆ ಹೊಲಿದಿರ್ತೀರಲ್ಲ, ಬಿಡಿಸಿದ್ರೆ ಒಂದು ಕಟ್ಟೇ ಬಿಟ್ಕೊಂಡು ಬರುತ್ತಲ್ಲ, ಹಾಗೆ. ನೀವು ಎರಡು ಸೆಕೆಂಡ್ ಕತ್ತರಿಸು ಅಂದ್ರೆ ಇದು ಪೂರ್ತಿ ಕಟ್ಟನ್ನೇ ಕಿತ್ಕೊಂಡು ಹೋಗುತ್ತೆ. ಅಲ್ಲ, ಕತ್ತರಿಸು ಅಂತ ಯಾರು ಹೇಳಿದ್ರು?"

"ಅಂಚು ಗಲೀಜಾಗಿತ್ತಮ್ಮಾ."

"ಮೂಲ ಫೈಲುಗಳು?"

"ಬಿಸಾಕಿದೆ. ಕತ್ತರಿಸಿದ ಚೂರು ಯಾರಾದ್ರೂ ಇಟ್ಕೋತಾರಾ?"

ಪುಣ್ಯಕ್ಕೆ ಕಂಪ್ಯೂಟರಿನ ಕಸದ ಬುಟ್ಟಿಯನ್ನು ಖಾಲಿ ಮಾಡಬೇಕೆಂಬುದು ಮಾವನಿಗೆ ಗೊತ್ತಿರಲಿಲ್ಲ. ಎಲ್ಲ ಪಾಠಗಳೂ ಅಲ್ಲೇ ಬಿದ್ದಿದ್ದವು. ರಿಪೇರಿಯಮ್ಮ ಒಂದನ್ನು ಎತ್ತಿ ಓಡಿಸಿದರು.

ಪರದೆಯ ತುಂಬ ಕಪ್ಪು. ಕಪ್ಪು ಹಿಂದೆ ಸರಿದಾಗ ಅದು ತಲೆಗೂದಲೆಂದು ಗೊತ್ತಾಯಿತು. ಆಮೇಲೆ ಹಣೆ, ಸ್ವಲ್ಪ ಓರೆಯಾದ ಕನ್ನಡಕ, ಮೂಗಿನ ತುದಿಯಲ್ಲೊಂದು ಬೆವರಹನಿ. ಅತ್ತೆ! ಕ್ಯಾಮೆರಾದ ಗಾಜಿನೊಳಗೆ ಇಣುಕಿ, "ಓಡ್ತಾ ಇದ್ಯಾ ಇದು? ಹಾಂ, ಕೆಂಪು ದೀಪ ಬಂತು," ಎಂದು ಒಂದು ಸಲ ನಕ್ಕು, ಕೂದಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮಷೀನಿನತ್ತ ಹೋದರು. ಆಮೇಲೆ ಬರೀ ಕೈ.

"ನಿಲ್ಸಮ್ಮಾ," ಎಂದರು ಮಾವ. ರಿಪೇರಿಯಮ್ಮ ಅವರ ಮುಖ ನೋಡಿ, ತಮ್ಮ ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಸುಳ್ಳು ಹೇಳಿ ಎದ್ದು ಹೋದರು.

ಆ ಮಧ್ಯಾಹ್ನ ಅಂಗಡಿಯಲ್ಲಿ ಅಂಟು ಒಣಗಿ ಕಲ್ಲಾಯಿತು. ಮಾವ ಬುಟ್ಟಿಯಿಂದ ಒಂದೊಂದೇ ಅಂಚು ಹೆಕ್ಕಿದರು. ಪಾಠ ಮುಗಿದು, ಶಿಷ್ಯೆಯರಿಗೆ ಟಿವಿ ಆರಿಸಲು ಹೇಳಿ, ಅತ್ತೆ ಮತ್ತೆ ಕ್ಯಾಮೆರಾದ ಹತ್ತಿರ ಬಂದು, ಆರಿಸುವ ಮುನ್ನ, ತಗ್ಗಿದ ಧ್ವನಿಯಲ್ಲಿ: "ರೀ, ಆ ನೀಲಿ ಶರ್ಟಿನ ಕಂಕುಳು ಬಿಟ್ಟಿದೆ. ನಾನು ಬರೋವರೆಗೂ ಹಾಕ್ಕೋಬೇಡಿ. ಪಿನ್ನು ಚುಚ್ಕೊಂಡು ಓಡಾಡ್ಬೇಡಿ." (ಮಾವ ಮೈಮೇಲಿದ್ದ ನೀಲಿ ಶರ್ಟಿನ ಕಂಕುಳಲ್ಲಿದ್ದ ಪಿನ್ನನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು.) ಇನ್ನೊಂದರಲ್ಲಿ: "ಇಲ್ಲಿನ ಚಹಾ ಕುಡಿದ್ರೆ ನೀವು ಮಾಡೋ ಚಹಾನೇ ವಾಸಿ ಅನ್ಸುತ್ತೆ. ನೋಡಿ ನನ್ನ ಗತಿ." ಮತ್ತೊಂದರಲ್ಲಿ ಮಾತೇ ಇಲ್ಲ. ಮೇಜು ಹಿಡಿದು, ಮಂಡಿ ನೋವಿಗೆ ಮುಖ ಹಿಂಡಿಕೊಂಡು ಎದ್ದು ಬಂದವರು, ಗಾಜಿನೊಳಗೆ ಸುಮ್ಮನೆ ನೋಡಿದರು, ಬಾಗಿಲಲ್ಲಿ ನಿಂತು ಬೀದಿ ನೋಡುವ ಹಾಗೆ.

ಕೊನೆಗೆ ತೋಳಿನ ಪಟ್ಟಿಯ ಪಾಠ. "ರೀ, ಎರಡು ವಾರ ಬಿಟ್ಟು ನಾಲ್ಕು ದಿನ ರಜೆ ಇದೆ. ಪ್ರಯಾಣ ದೂರ, ಬಂದು ಹೋಗೋದೇ ಆಗುತ್ತೆ. ಆದ್ರೂ ನೀವು ಬಾ ಅಂದ್ರೆ ಬರ್ತೀನಿ. ಬೇಡ ಅಂದ್ರೆ ಇಲ್ಲೇ ಇರ್ತೀನಿ. ಫೋನಲ್ಲಿ ಹೇಳಿ, ಏನ್ ಮಾಡ್ಲಿ?"

ಮಾವ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ಆ ವಾರ ಕಳೆದುಹೋಗಿತ್ತು.

ಫೋನೆತ್ತಿದ ಅತ್ತೆಗೆ ಅವರು ಹೇಳಬೇಕೆಂದುಕೊಂಡದ್ದು ಬಹಳ. ಬಾಯಿಂದ ಬಂದದ್ದು, "ಅಂಚು ಕತ್ತರಿಸ್ಬಿಟ್ಟಿದ್ದೆ ಕಣೇ."

"ಯಾವುದರದ್ದು?"

"ಎಲ್ಲಾದ್ರದ್ದೂ. ಎರಡೂ ಕಡೆ."

"ಅಂದ್ರೆ... ನನ್ನ ಮುಖ ಬರೋದನ್ನೆಲ್ಲ ಕಸ ಅಂತ ಬಿಸಾಕಿದ್ರಾ?"

"ನಾನು ನೋಡ್ಲೇ ಇಲ್ಲ. ನೋಡ್ದೆ ಕತ್ತರಿಸಿದ್ದು."

"ಆಹಾ! ಇದು ಇನ್ನೂ ಚೆನ್ನಾಗಿದೆ."

"ರಜೆ..."

"ಮುಗೀತು. ನಾಲ್ಕು ದಿನಾನೂ ಗೋಡೆ ನೋಡ್ಕೊಂಡು ಮಲಗಿದ್ದೆ. ನಿಮ್ಮದೇನೂ ಇಲ್ಲ ಅಂದ್ರಲ್ಲ."

"ನಾನು ಅದು ತೋಳಿನ ಪಟ್ಟಿ ಅಂದ್ಕೊಂಡೆ ಕಣೇ!"

ಆ ಕಡೆಯಿಂದ ಒಂದು ಸದ್ದು ಬಂತು. ನಗುವೋ, ಮೂಗು ಸೀಟಿದ್ದೋ, ಗುಂಡಿ ಫೋನಿನಲ್ಲಿ ತಿಳಿಯುವಂತಿರಲಿಲ್ಲ.

"ಈ ಶನಿವಾರ ನಾನೇ ಬರ್ಲಾ?" ಎಂದರು ಮಾವ.

"ಅಂಗಡಿ?"

"ರಟ್ಟು ಒಣಗ್ತಾ ಬಿದ್ದಿರುತ್ತೆ ಬಿಡು."

"ಬನ್ನಿ. ಶರ್ಟ್ ಮಾತ್ರ ನೆಟ್ಟಗಿರೋದು ಹಾಕ್ಕೊಂಡು ಬನ್ನಿ."

ಇಲ್ಲಿಗೆ ಫೋನು ಇಡಬಹುದಿತ್ತು. ಆದರೆ ಮಾವ ಇಡಲಿಲ್ಲ. ನಿನ್ನ ಮುಖ ನೋಡಿ ಎಷ್ಟು ದಿನವಾಯಿತು ಎನ್ನುವುದು ಅವರ ಬಾಯಿಗೆ ಒಗ್ಗುವ ಮಾತಲ್ಲ. ಬಾಯಿಗೆ ಒಗ್ಗುವುದು ಉಪದೇಶ. ಯಜಮಾನಿಕೆಯ ಧ್ವನಿ ತಂದುಕೊಂಡು ಕೇಳಿದರು:

"ಅಲ್ಲ ಕಣೇ, ಆ ಮಂಡಿ ನೋವು ಇಟ್ಕೊಂಡು ಪ್ರತಿ ಸಲ ಎದ್ದು ಕ್ಯಾಮೆರಾ ಹತ್ರ ಬರ್ತೀಯಲ್ಲ. ಆನ್ ಮಾಡೋಕೆ, ಆಫ್ ಮಾಡೋಕೆ ನಿಂಗೆ ಒಂದು ರಿಮೋಟ್ ಕೊಟ್ಟಿಲ್ವಾ ಅವರು?"

"ಕೊಟ್ಟಿದ್ದಾರೆ ರೀ. ಮೊದಲನೇ ದಿನದಿಂದ ಡ್ರಾಯರ್‌ನಲ್ಲೇ ಬಿದ್ದಿದೆ."