ನಮ್ಮ ಬಾವಿಯ ಸುತ್ತ ಒಂದು ಗೆರೆ

ಅಮೆರಿಕದಲ್ಲಿ ಗಂಡಸಿನ ಮಾನ ಅವನ ಮನೆಯ ಮುಂದಿನ ಹುಲ್ಲಿನಲ್ಲಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಾನೇ ನೋಡಿ ಕಲಿತೆ. ನಮ್ಮ ಕಡೆ ಹುಲ್ಲು ಎಂದರೆ ದನ ಮೇಯುವ ವಸ್ತು. ಇಲ್ಲಿ ಅದನ್ನು ಬೆಳೆಸುತ್ತಾರೆ, ಕತ್ತರಿಸಿ ಎಸೆಯುತ್ತಾರೆ, ಮತ್ತೆ ಬೆಳೆಸುತ್ತಾರೆ. ಇದೆಂಥ ಹುಚ್ಚಪ್ಪಾ ಎಂದು ನಗುತ್ತಿದ್ದ ನಾನೇ ಸ್ವಂತ ಮನೆ ಕೊಂಡ ಮೊದಲ ವಸಂತದಲ್ಲಿ ಗೊಬ್ಬರದ ಚೀಲಗಳನ್ನು ಕಾರಿನಲ್ಲಿ ಹೇರಿಕೊಂಡು ಬಂದೆ. ಚೀಲದ ಮೇಲೆ ಬರೆದಿದ್ದಕ್ಕಿಂತ ಒಂದು ಕೈ ಜಾಸ್ತಿಯೇ ಎರಚಿದೆ. ಊಟಕ್ಕೆ ಕೂತವರಿಗೆ ತುಪ್ಪ ಬಡಿಸುವಾಗ ನಮ್ಮ ಮನೆತನದಲ್ಲಿ ಅಳತೆ ನೋಡುವ ಪದ್ಧತಿಯಿಲ್ಲ. ಹುಲ್ಲಿಗೂ ಅದೇ ಮರ್ಯಾದೆ ಸಲ್ಲಿತು. ದಾರಿಹೋಕರು ಕಾರು ನಿಧಾನ ಮಾಡಿ ನೋಡುವಷ್ಟು ಹಸಿರಾಯಿತು.

ಎರಡು ಸಾವಿರನೇ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ತಲೆತಿರುಗಿ ಬೀಳುತ್ತವೆ ಎಂದು ಜಗತ್ತು ಹೆದರಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದಲೇ ನನ್ನಂಥ ಕಂಪ್ಯೂಟರ್ ಕೆಲಸದವನಿಗೂ ನ್ಯೂಜೆರ್ಸಿಯಲ್ಲಿ ನೌಕರಿ ಸಿಕ್ಕಿ ಮನೆಯಾಯಿತು. ಮನ್ರೋ ಎಂಬ ಊರು ದಾಟಿ ಇನ್ನೂ ಆಚೆ, ಮೆಕ್ಕೆಜೋಳದ ಹೊಲಗಳ ನಡುವೆ. ಅಲ್ಲಿಗೆ ಟೌನ್‌ಶಿಪ್ಪಿನ, ಅಂದರೆ ಅಲ್ಲಿಯ ಪಂಚಾಯಿತಿಯ, ನೀರಿನ ಪೈಪು ಬಂದಿರಲಿಲ್ಲ. ಮನೆಗೊಂದು ಕೊಳವೆ ಬಾವಿ. ರಸ್ತೆಯಾಚೆ ವಾಲ್ಟರ್ ಎಂಬ ವಯಸ್ಸಾದ ರೈತರ ಹೊಲ. ಹಿಮ ಬಿದ್ದರೆ ನಾನು ಗ್ಲೌಸ್ ಹುಡುಕುವಷ್ಟರಲ್ಲಿ ಅವರು ಟ್ರ್ಯಾಕ್ಟರ್ ತಂದು ನಮ್ಮ ಮನೆಗೆ ಕಾರು ಬರುವ ದಾರಿಯ ಹಿಮವನ್ನು ಬಳಿದು ಹೋಗಿರುತ್ತಿದ್ದರು.

ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಗದಗಿನ ಕಡೆಯಿಂದ ಅತ್ತೆ ನೀಲವ್ವ ಬಂದರು. ಆಸ್ಪತ್ರೆಯಿಂದ ಹೊರಡುವಾಗ ನರ್ಸ್, "ಮನೆಯಲ್ಲಿ ಬಾವಿ ನೀರಾ? ಹಾಲಿನ ಪುಡಿ ಕಲಸೋ ಮುಂಚೆ ಟೆಸ್ಟ್ ಮಾಡಿಸಿ" ಎಂದಳು. ಮಾಡಿಸಿದೆವು. ಲ್ಯಾಬಿನವರು ಫೋನ್ ಮಾಡಿ ನೈಟ್ರೇಟ್ ಹೆಚ್ಚಾಗಿದೆ, ಕೂಸಿಗೆ ಕೊಡಬೇಡಿ, ರಕ್ತಕ್ಕೆ ಉಸಿರು ಸಿಗದೆ ಮೈ ನೀಲಿಗಟ್ಟಬಹುದು ಎಂದರು.

"ಕುದಿಸಿ ಆರಿಸಿದ್ರ ಆತಲ್ಲ?" ಎಂದರು ಅತ್ತೆ.

"ಕುದಿಸಿದ್ರ ಇನ್ನೂ ಜಾಸ್ತಿ ಆಗತೈತಂತವ್ವಾ," ಎಂದಳು ನನ್ನ ಹೆಂಡತಿ ಸುಮಂಗಲಾ. "ಹೊಲಕ್ಕ ಹಾಕಿದ ಗೊಬ್ಬರ ಮಳಿ ನೀರಿನ ಜೋಡಿ ಕೆಳಗ ಇಳದಿರತೈತಂತ."

"ಅಯ್ಯ, ಅಂಗಡಿ ನೀರು ಕುಡದು ಬೆಳೀಬೇಕೇನು ನನ್ನ ಮೊಮ್ಮಗಳು?"

ಟೌನ್‌ಶಿಪ್ಪಿಗೂ ಇಂಥ ದೂರುಗಳು ಹೋಗಿದ್ದವೆಂದು ಕಾಣುತ್ತದೆ. ಬಾವಿಗಳ ಸುತ್ತಲಿನ ಹೊಲಗಳನ್ನು ಸಂರಕ್ಷಿತ ವಲಯವೆಂದು ಗುರುತಿಸುತ್ತೇವೆ, ಅದರೊಳಗೆ ಗೊಬ್ಬರಕ್ಕೆ ಮಿತಿ ಇರುತ್ತದೆ, ಊರವರು ಬಂದು ಅಭಿಪ್ರಾಯ ಹೇಳಿ ಎಂದು ಸಭೆ ಕರೆದರು. ನಾನು ಭಾಷಣ ಸಿದ್ಧಪಡಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬಲ್ಲಿಂದ ಶುರುವಾಗಿ ರೈತರ ಅತಿಯಾಸೆಯನ್ನು ಚಿಂದಿ ಚಿಂದಿ ಮಾಡುವ ಭಾಷಣ. ಸ್ನಾನ ಮಾಡುವಾಗ ಅಭ್ಯಾಸ ಮಾಡಿದೆ. ಬಚ್ಚಲ ಬಾಗಿಲಾಚೆಯಿಂದ ಸುಮಂಗಲಾ ಕೇಳಿದಳು, "ವಾಲ್ಟರ್ ಅಂಕಲ್ ಮುಂದ ನಿಂತು ಇದನ್ನ ಹೇಳ್ತೀರೇನ್ರಿ?" ನಾನು ಷವರ್ ಜೋರು ಮಾಡಿದೆ.

ಸಭೆಗೆ ಮುಂಚೆ ತೊಟ್ಟಿಲ ಶಾಸ್ತ್ರ ಬಂತು. ಅತ್ತೆ ಯಾರನ್ನೂ ಕೇಳದೆ, ಸೀರೆಯ ಮೇಲೆ ನನ್ನ ಜಾಕೆಟ್ ತೊಟ್ಟು ರಸ್ತೆ ದಾಟಿ, ವಾಲ್ಟರರ ಬಾಗಿಲು ಬಡಿದು, ಅಪ್ಪಟ ಗದಗಿನ ಭಾಷೆಯಲ್ಲಿ ಆಮಂತ್ರಣ ಕೊಟ್ಟು ಬಂದರು. ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದ್ದಷ್ಟೇ ವಾಲ್ಟರಿಗೆ ಅರ್ಥವಾದದ್ದು. ಆದರೂ ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದೇ ಬಿಟ್ಟರು. ಮಗುವಿಗೆ ಮೃಣಾಲಿನಿ ಎಂದು ಹೆಸರಿಟ್ಟೆವು. ಮೆಣಸಿನಕಾಯಿ ಬಜ್ಜಿ ತಿಂದ ವಾಲ್ಟರ್ ಕೆಂಪಾಗಿ ನೀರು ಕೇಳಿದರು. ಅತ್ತೆ ಅಂಗಡಿಯ ಬಾಟಲಿ ತಂದರು.

"ನಲ್ಲಿ ನೀರೇ ಸಾಕು, ಇದ್ಯಾಕೆ?" ಎಂದರು ವಾಲ್ಟರ್.

ಭಾಷಣದ ಬದಲು ನಾನು ಬಜ್ಜಿಯ ತಟ್ಟೆಯನ್ನು ಅವರ ಮುಂದೆ ಸರಿಸಿದೆ. ಸುಮಂಗಲಾ ಮೆಲ್ಲಗೆ ಹೇಳಿದಳು, ಮಗುವಿಗೆ ಈ ಬಾವಿಯ ನೀರು ಆಗುವುದಿಲ್ಲ ಎಂದು. ಯಾಕೆಂದು ಅವರು ಕೇಳಲಿಲ್ಲ, ಗೊತ್ತಾಗಿತ್ತು. ಬಾಟಲಿ ಕೆಳಗಿಟ್ಟು, "ಎತ್ತಿಕೊಳ್ಳಲಾ?" ಎಂದರು. ಅತ್ತೆ ಕೂಸನ್ನು ಅವರ ದೊಡ್ಡ ಅಂಗೈಗಳಲ್ಲಿ ಮಲಗಿಸಿದರು. ಅದು ಅವರ ಅಂಗಿಯ ಗುಂಡಿ ಹಿಡಿದು ನಿದ್ದೆ ಹೋಯಿತು.

ಸಭೆಯ ಸಂಜೆ ಗೋಡೆಯ ಮೇಲೆ ದೊಡ್ಡ ನಕ್ಷೆ. ಕೆಂಪು ಗೆರೆ ಹೊಲಗಳನ್ನೆಲ್ಲ ಸುತ್ತಿ ಬಂದು ನಮ್ಮ ರಸ್ತೆಯ ಹತ್ತಿರ ನಿಂತಿತ್ತು. ಮೊದಲು ಎದ್ದವರು ವಾಲ್ಟರ್.

"ನನ್ನ ಹೊಲ ಪೂರ್ತಿ ಗೆರೆಯೊಳಗೆ ಹಾಕಿ. ಗೊಬ್ಬರ ಕಮ್ಮಿ ಮಾಡ್ತೀನಿ, ಚಳಿಗಾಲಕ್ಕೆ ನೆಲ ಬರಿದು ಬಿಡದೆ, ಉಳಿದ ಗೊಬ್ಬರ ಹೀರಿಕೊಳ್ಳೋ ರೈ ಧಾನ್ಯ ಬಿತ್ತುತ್ತೀನಿ. ಮೊನ್ನೆ ಎದುರು ಮನೆಯಲ್ಲಿ ಒಂದು ಮಗುವಿಗೆ ಹೆಸರಿಟ್ಟರು. ಆ ಹೆಸರು ನನ್ನ ಬಾಯಲ್ಲಿ ಹೊರಳೋದಿಲ್ಲ. ಆದರೆ ಆ ಮಗು ನೀರು ಕುಡೀಬೇಕು."

ನನ್ನ ಕಣ್ಣು ಮಂಜಾಯಿತು. ಅಷ್ಟಕ್ಕೇ ಅವರು ಕೂತಿದ್ದರೆ ಎಷ್ಟು ಚೆನ್ನಾಗಿತ್ತು!

"ಒಂದು ಮಾತು. ಈ ಗೆರೆ ರಸ್ತೆ ಹತ್ರ ಯಾಕೆ ನಿಂತಿತು? ನೀರೇನು ರಸ್ತೆ ನೋಡಿ ನಿಲ್ಲುತ್ತಾ? ಆ ಕಡೆಯ ಲಾನ್‌ಗಳು ತಿನ್ನೋ ಗೊಬ್ಬರ ನನ್ನ ಜೋಳವೂ ತಿನ್ನೋದಿಲ್ಲ!"

ಇಡೀ ಸಭೆ ಗೊಳ್ಳೆಂದು ನಕ್ಕಿತು. ನಮ್ಮ ರಸ್ತೆಯವರೆಲ್ಲ ತಿರುಗಿ ನನ್ನನ್ನು ನೋಡಿದರು. ಸಭೆಯ ಅಧ್ಯಕ್ಷೆ ಮುಂದೆ ಮಾತಾಡಲು ನನ್ನ ಹೆಸರನ್ನು ಮುರಿದು ಕೂಗಿದರು. ಎದ್ದೆ. ಬೇಲಿಯೂ ಇಲ್ಲ, ಹೊಲವೂ ಇಲ್ಲ. "ನನಗಿಂತ ಮುಂಚೆ ಮಾತಾಡಿದವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ" ಎಂದು ಕೂತೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ವಾಲ್ಟರೇ. ಕಾರಿನಲ್ಲಿ ಸುಮಂಗಲಾ, "ಭಾಳ ಚಲೋ ಮಾತಾಡಿದ್ರಿ" ಎಂದಳು. ಅದು ಹೊಗಳಿಕೆಯೋ ಅಲ್ಲವೋ ಕೇಳುವ ಧೈರ್ಯ ಬರಲಿಲ್ಲ.

ಗೆರೆ ರಸ್ತೆ ದಾಟಿತು. ನೆಲದಡಿಯ ನೀರು ತಿಳಿಯಾಗಲು ವರ್ಷಗಳೇ ಬೇಕಂತೆ. ಅಲ್ಲಿಯವರೆಗೆ ಅಡುಗೆಮನೆಯ ಸಿಂಕಿನಡಿ ಫಿಲ್ಟರ್ ಕೂರಿಸಿದೆವು, ಮೃಣಾಲಿನಿ ಗುಂಡುಗುಂಡಗಾದಳು. ನನ್ನ ಲಾನ್ ಮಾತ್ರ ಉಪವಾಸಕ್ಕೆ ಬಿದ್ದು ಹಳದಿಯಾಯಿತು. ಒಂದು ಶನಿವಾರ ಬೆಳಿಗ್ಗೆ ವಾಲ್ಟರ್ ಒಂದು ಚೀಲ ಬೀಜ ಹೊತ್ತು ಬಂದರು. "ಕ್ಲೋವರ್, ನೆಲಕ್ಕೆ ಹಬ್ಬೋ ಮೂರೆಲೆ ಸೊಪ್ಪು. ಇದಕ್ಕೆ ಗೊಬ್ಬರ ಬೇಡ, ತನ್ನ ಊಟ ತಾನೇ ಮಾಡಿಕೊಳ್ಳುತ್ತೆ" ಎಂದು ನನ್ನ ಕೈಗೆ ಕುಂಟೆಯಂಥದೊಂದನ್ನು ಕೊಟ್ಟರು. ಪ್ಯಾಂಟು ಮಡಚಿ, ಬೆವರು ಸುರಿಸುತ್ತ, ಇಡೀ ಅಂಗಳ ಕೆದರಿ ಬೀಜ ಬಿತ್ತಿದೆ.

ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಕಿಟಕಿಯಲ್ಲಿ ನಿಂತಿದ್ದ ಅತ್ತೆ ಬಹಳ ಹೊತ್ತು ನೋಡಿ ಮಗಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ನೋಡವ್ವಾ, ಅಳಿಯಂದ್ರಿಗೆ ಈ ಕೆಲಸ ಎಷ್ಟು ಚಂದ ಒಪ್ಪತೈತಿ! ಅವರಪ್ಪ ಸುಮ್ಸುಮ್ನ ಇಂಜಿನಿಯರಿಂಗ್ ಓದಿಸಿ ಹಾಳು ಮಾಡಿದ್ರು."