ದೇವದೂತರ ಮೇಲೆ ಲೆವಿ

ಎಲ್ಲದಕ್ಕೂ ಕಾರಣ ಒಂದು ಹಿಡಿ ಬಿಳಿ ಚುಕ್ಕೆಗಳು.

ಐವತ್ತೆಂಟನೆಯ ಇಸವಿಯ ಮೊದಲ ಮಳೆ ರಾತ್ರಿಯೇ ಸುರಿದು ಹೋಗಿತ್ತು. ಬೆಳಿಗ್ಗೆ ಅಂಜನಾಪುರದ ಮೇಲಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು, ಒಂದು ತುಂಡು ಮೋಡವಿಲ್ಲ. ಆದರೂ ಕೆರೆ ಏರಿಯ ಮೇಲೆ ನಿಂತ ರಡಾರ್ ಲಾರಿಯ ಪರದೆಯಲ್ಲಿ, ಬಿದರಕೊಪ್ಪದ ದಿಕ್ಕಿಗೆ, ಚುಕ್ಕೆಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿದ್ದವು.

"ಸಣ್ಣಪ್ಪಾ, ಬಂದ್ರಪ್ಪ ದೇವದೂತರು!" ಎಂದು ರಡಾರ್ ಅಧಿಕಾರಿ ಭೀಮಸೇನರಾಯರು ಕೂಗಿದರು.

ಖಾಲಿ ಆಕಾಶದಲ್ಲಿ ರಡಾರಿಗೆ ಕಾಣುವ ಇಂಥ ಚುಕ್ಕೆಗಳಿಗೆ ಇಂಗ್ಲಿಷರು ಇಟ್ಟ ಹೆಸರು ಅದು. ಬಿಸಿಗಾಳಿಯ ಗುಳ್ಳೆ ಎನ್ನುವ ಪಂಡಿತರಿದ್ದರು, ಹುಳ ಎನ್ನುವ ಪಂಡಿತರಿದ್ದರು. ಯಾವುದೆಂದು ತೀರ್ಮಾನಿಸಲು ಸರ್ಕಾರ ರಾಯರನ್ನು ಲಾರಿ ಸಮೇತ ಎರಡು ವರ್ಷಕ್ಕೆಂದು ಕಳಿಸಿತ್ತು. ರಾಯರು ಆ ಪರದೆಯ ಮುಂದೆ ಕೂತರೆ ಊಟ ಮರೆಯುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಮೈಲಿಗಟ್ಟಲೆ ದೂರದಿಂದ ಎಣಿಸುವ ಆ ಯಂತ್ರದ ಬಗ್ಗೆ ಅವರ ಜವಾನ ಸಣ್ಣಪ್ಪನಿಗೂ ಅಷ್ಟೇ ಭಕ್ತಿ. ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗಿದೇ ಧೂಳು ಒರೆಸುತ್ತಿದ್ದ.

ಆದರೆ ಸಣ್ಣಪ್ಪ ಹಂಗಾಮಿ ಜವಾನ. ಸೊರಬದಲ್ಲಿ ರಾಧಮ್ಮನೆಂಬ ಹೆಣ್ಣು ಒಪ್ಪಿಗೆಯಾಗಿದ್ದರೂ ಅವಳ ತಂದೆ ಗೋಪಾಲಪ್ಪನವರು, "ಹಂಗಾಮಿ ಅಳಿಯನ್ನ ಕಟ್ಕಂಡು ನಾವೇನ್ ಮಾಡೋದು ಮಾರಾಯ್ರೆ? ಖಾಯಂ ಆಗ್ಲಿ, ಆಮೇಲೆ ಲಗ್ನ" ಎಂದುಬಿಟ್ಟಿದ್ದರು.

"ಸೈಕಲ್ ಹತ್ತು," ಎಂದರು ರಾಯರು. "ಅಲ್ಲಿ ಹಾರ್ತಿರೋದು ಏನಿದ್ರೂ ಜೀವಂತ ಹಿಡ್ಕೊಂಡು ಬಾ. ನಿನ್ನ ಖಾಯಂ ವಿಚಾರ ನಾನು ನೋಡ್ಕೋತೀನಿ."

ಸಣ್ಣಪ್ಪ ಬಿದರಕೊಪ್ಪ ಮುಟ್ಟುವಾಗ ಸೈಕಲ್ಲಿಗಿಂತ ಜೋರಾಗಿ ಅವನೇ ಕಿರುಗುಡುತ್ತಿದ್ದ. ಆಕಾಶದಲ್ಲಿ ಏನೂ ಇರಲಿಲ್ಲ. ನೆಲದ ತುಂಬ ಉದುರಿದ ರೆಕ್ಕೆ, ಹುತ್ತದ ಮೇಲೆ ಕಂಬಳಿ, ಮನೆಮನೆಯಿಂದ ಹುರಿಯುವ ಘಮ. ಅವನಿಗೆ ಅರ್ಥವಾಯಿತು. ಈಸಲು ಹುಳ! ಮೊದಲ ಮಳೆಗೆ ಹುತ್ತದಿಂದೇಳುವ ರೆಕ್ಕೆ ಗೆದ್ದಲು. ಊರು ಹುತ್ತಕ್ಕೆ ಕಂಬಳಿ ಮುಚ್ಚಿ ಅದನ್ನು ಮಡಕೆಗೆ ಹಿಡಿದು, ರೆಕ್ಕೆ ಕೇರಿ, ಹುರಿದು, ಮಂಡಕ್ಕಿಗೆ ಕಲಸಿ ತಿನ್ನುತ್ತಿತ್ತು. ದೇವದೂತರು ಆಗಲೇ ಬಾಣಲೆ ಸೇರಿದ್ದರು.

"ಒಂದಿಷ್ಟು ಜೀವಂತ ಹುಳ ಬೇಕಿತ್ರಿ, ಸರ್ಕಾರಕ್ಕೆ," ಎಂದು ಸಣ್ಣಪ್ಪ ಪಟೇಲ ವೀರಬಸಪ್ಪನವರನ್ನು ಕೇಳಿದ.

"ನಾವು ಹುಳ ಹಿಡಿದೀವಿ ಅಂತ ನಿಮಗ್ಯಾರು ಹೇಳಿದ್ರು?"

ಸಣ್ಣಪ್ಪ ಎದೆಯುಬ್ಬಿಸಿದ. "ನಮ್ಮ ರಡಾರ್ ಕೆರೆ ಏರಿ ಮ್ಯಾಲಿಂದ್ಲೇ ನೋಡೈತ್ರಿ!"

ಅದೇ ತಪ್ಪಾಯಿತು. ಸರ್ಕಾರಕ್ಕೆ ಕಡ್ಡಾಯವಾಗಿ ಅಳೆಯಬೇಕಾದ ಲೆವಿ ಭತ್ತಕ್ಕೆಂದು ಅಧಿಕಾರಿಗಳು ಕಣಜಕ್ಕೆ ಕೈ ಹಾಕಿದ ಕಾಲವನ್ನು ಊರು ಮರೆತಿರಲಿಲ್ಲ. "ಈಗ ಹುಳಕ್ಕೂ ಲೆವಿ ಅಂತೆ! ಮಿಷನ್ನು ಎಲ್ಲಾ ಎಣಿಸೈತಂತೆ!" ಎಂಬ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಓಡಿತು. ಅದರ ಹಿಂದೆಯೇ ಮಡಕೆಗಳು ಬಣವೆಗೆ, ಅಟ್ಟಕ್ಕೆ, ತೊಟ್ಟಿಲಿಗೆ ಓಡಿದವು.

"ಈ ಊರಾಗೆ ಹುಳ ಎದ್ದು ಮೂರು ವರ್ಷ ಆತು," ಎಂದು ಪಟೇಲರು ಆಣೆ ಮಾಡಿದರು. ಅವರ ಮೀಸೆಯ ಮೇಲೆ ರೆಕ್ಕೆಯೊಂದು ಮಿಂಚುತ್ತಿತ್ತು. ಆಮೇಲೆ ದನಿ ತಗ್ಗಿಸಿ ಒಂದು ಪೊಟ್ಟಣ ಕೈಗಿಟ್ಟರು. "ಸಾಹೇಬ್ರಿಗೆ ಮಂಡಕ್ಕಿ. ಕಮ್ಮಿ ಬರ್ಕೊಳಾಕೆ ಹೇಳ್ರಿ."

"ನಂಗೆ ಹುರಿದಿದ್ದು ಬ್ಯಾಡ್ರಿ!"

"ಹುರಿದಿದ್ದಕ್ಕೂ ಬಗ್ಗಲ್ಲ ಅಂದ್ರೆ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು, "ಭಾರೀ ಆಫೀಸರ್ರೇ ಇರ್ಬೇಕು."

ಸಣ್ಣಪ್ಪ ಮನೆ ಮನೆ ತಿರುಗಿದ. ಒಂದು ಕಡೆ ಮುಚ್ಚಿದ ಬಾಗಿಲು, ಇನ್ನೊಂದು ಕಡೆ ನಾಯಿ. ಕೊನೆಗೆ ಹುಚ್ಚಮ್ಮನೆಂಬ ಮುದುಕಿಯ ಜಗುಲಿಯ ಮೇಲೆ ಕುಸಿದು, ಸರ್ಕಾರವನ್ನು ಬಿಟ್ಟು, ರಾಧಮ್ಮನ ಕತೆ ಹೇಳಿದ.

"ಲಗ್ನದ ವಿಷ್ಯ ಅಂತ ಮೊದ್ಲೇ ಬೊಗಳಬಾರ್ದೇನೋ ಮೂಳ!" ಎಂದು ಹುಚ್ಚಮ್ಮ ತೊಟ್ಟಿಲಿನ ಕೌದಿ ಸರಿಸಿ ಮಡಕೆ ಎತ್ತಿದಳು. ಒಳಗೆ ಜೀವಂತ ಹುಳ ಗಿಜಿಗುಡುತ್ತಿದ್ದವು. "ಮಡಕೆ ಮಾತ್ರ ನಂದು. ನಾನೂ ಬತ್ತೀನಿ." ಮಡಕೆ ಅವಳ ತೊಡೆಯ ಮೇಲೆ, ಅವಳು ಸೈಕಲ್ಲಿನ ಕ್ಯಾರಿಯರ್ ಮೇಲೆ, ಅವಳ ಹೆಗಲ ಮೇಲೆ ಕಂಬಳಿ.

ರಾಯರು ಭೂತಗನ್ನಡಿಯಲ್ಲಿ ಹುಳ ನೋಡಿ ಹಿಗ್ಗಿದರು. ಮರುಕ್ಷಣವೇ ಹುಬ್ಬು ಗಂಟಿಕ್ಕಿದರು. "ನಾನು ನೋಡಿದ ಚುಕ್ಕೆ ಇದೇ ಅನ್ನೋಕೆ ಪುರಾವೆ ಏನು?"

ಪರದೆಯೇ ಉತ್ತರ ಕೊಟ್ಟಿತು. ಏರಿಯ ಆಚೆ ತುದಿಯ ದಿಣ್ಣೆಯ ಮೇಲೆ ಹೊಸ ಚುಕ್ಕೆಗಳು ಅರಳತೊಡಗಿದವು. ಹುಚ್ಚಮ್ಮ ಬಗ್ಗಿ ನೋಡಿ ಬಾಯಿಯ ಮೇಲೆ ಕೈ ಇಟ್ಟಳು. "ಅಯ್ಯೋ ಶಿವನೇ, ಅದು ಏರಿ ಆಚೆ ದಿಣ್ಣೆ ಹುತ್ತ! ಇಲ್ಲಿ ಕುಂತ್ಕಂಡೇ ಕಾಣ್ತೈತಲ್ಲೋ! ಹುಳ ಹಿಡಿಯೋದ್ರಾಗೆ ಹೆಸರಾದ ನಮ್ಮಪ್ಪನಿಗೂ ಇಂಥ ಕಣ್ಣಿರ್ಲಿಲ್ಲ." ಮೆಚ್ಚಿಕೆ ಅಲ್ಲಿಗೆ ಸಾಕೆಂಬಂತೆ ಕಂಬಳಿ ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಸಣ್ಣಪ್ಪ ಮಡಕೆ ಹಿಡಿದು ಹಿಂದೆ ಓಡಿದ.

ಇಬ್ಬರೂ ಹುತ್ತಕ್ಕೆ ಕಂಬಳಿ ಮುಚ್ಚಿದರು. ತುಸು ಹೊತ್ತಿಗೆ, ಹಾರಿದ್ದವೆಲ್ಲ ನೆಲಕ್ಕಿಳಿದ ಮೇಲೆ, ಲಾರಿಯಿಂದ ರಾಯರ ಕೂಗು ಕೆರೆಯ ನೀರಿನ ಮೇಲೆ ತೇಲಿ ಬಂತು: "ಚುಕ್ಕೆ ಹೋಯ್ತು! ಸಣ್ಣಪ್ಪಾ, ತೆಗಿ ಕಂಬಳಿ!" ತೆಗೆದರು. "ಬಂತು!" ಮುಚ್ಚಿದರು. ಮತ್ತೆ ಹೋಯಿತು. ಪಂಡಿತರ ಜಗಳವೊಂದು ಕಂಬಳಿಯಡಿ ಮುಗಿಯಿತು.

ಸಣ್ಣಪ್ಪ ಏದುಸಿರು ಬಿಡುತ್ತಾ ಬಂದಾಗ ರಾಯರು ಅವನನ್ನು ಅಪ್ಪಿಕೊಂಡೇಬಿಟ್ಟರು. ಕಣ್ಣಲ್ಲಿ ನೀರು. "ಹುಳವೇ ಕಣೋ! ಎರಡು ವರ್ಷದ ಕೆಲಸ ಒಂದೇ ದಿನದಲ್ಲಿ ಮುಗಿಸಿದೆ. ಕೇಂದ್ರ ಕಚೇರಿಗೆ ತಂತಿ ಕೊಡ್ತೀನಿ. ನಾಳೆ ಲಾರಿ ಹೊರಡುತ್ತೆ."

"ಹೊರಡುತ್ತೆ ಅಂದ್ರೆ? ನನ್ನ ಖಾಯಂ ಸಾರ್?"

ರಾಯರು ಅವನ ಭುಜ ತಟ್ಟಿದರು. "ಖಾಯಂ ಮಾಡೋಕೆ ಕೆಲಸ ಅಂತ ಒಂದು ಇರಬೇಕಲ್ಲಪ್ಪ. ಅದನ್ನೇ ನೀನು ಮುಗಿಸಿಬಿಟ್ಟೆ!"