ಅಪ್ಪನ ಲಾರಿಗೆ ಕೊಳೆ ಬಳಿದದ್ದು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಹುಣಿಸೆಬೀಜದಷ್ಟು ಅಗಲದ ನಂಬರ್ ಪ್ಲೇಟುಗಳ ಮೇಲೆ ಅಂಕಿ ಬರೆದು ಬರೆದು ನನ್ನ ಕೈ ಹಾಗೇ ಆಗಿಬಿಟ್ಟಿದೆ. ಓದುವವರು ದಯವಿಟ್ಟು ಕನ್ನಡಕ ಹಾಕಿಕೊಳ್ಳಿ. ಈಗಾಗಲೇ ಹಾಕಿಕೊಂಡಿರುವವರು ಅದರ ಮೇಲೆ ಇನ್ನೊಂದು ಹಾಕಿಕೊಳ್ಳಿ! ಮಾತುಗಳೂ ಅಷ್ಟಕ್ಕಷ್ಟೆ. ಪಿಯುಸಿ ಮೊದಲ ವರ್ಷವನ್ನು ಅರ್ಧಕ್ಕೇ ಬಿಟ್ಟವಳು ನಾನು. ತರಗತಿಯಲ್ಲಿ ಹಾಜರಿ ಕೂಗಿದಾಗ ‘ಪ್ರೆಸೆಂಟ್’ ಎನ್ನಲು ನಾಚಿಕೆಯಾಗಿ ಬಾಯೇ ಬರುತ್ತಿರಲಿಲ್ಲ. ದಿನಾ ಮೊದಲ ಬೆಂಚಿನಲ್ಲಿ ಕೂತು ದಿನಾ ಗೈರುಹಾಜರಾದ ವಿದ್ಯಾರ್ಥಿನಿ ಹೊಳೆನರಸೀಪುರದ ಚರಿತ್ರೆಯಲ್ಲೇ ನಾನೊಬ್ಬಳಿರಬೇಕು!

ಅಂಥ ನಾನು ಈ ವರ್ಷ ಗಣೇಶನನ್ನು ನೀರಿಗೆ ಬಿಟ್ಟ ಮಾರನೇ ದಿನ ಒಂದು ಭೀಷ್ಮಪ್ರತಿಜ್ಞೆ ಮಾಡಿದೆ.

“ಆಯುಧಪೂಜೆಗೆ ನಮ್ಮ ಮನೆ ಮುಂದೆ ಅಪ್ಪನ ಲಾರಿ ನಿಲ್ಲಿಸಿಯೇ ತೀರುತ್ತೇನೆ!”

ಅಪ್ಪನ ಲಾರಿ ಈಗ ಅಪ್ಪನದಲ್ಲ. ನನ್ನ ಅಪ್ಪ ಕಾಂತರಾಜು ಚನ್ನರಾಯಪಟ್ಟಣದ ತೆಂಗಿನಕಾಯಿ, ನಮ್ಮೂರ ಭತ್ತ ಎಂದು ಹೇರಿಕೊಂಡು ಸುತ್ತುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಅರ್ಧ ಮುಖ ಬಿದ್ದುಹೋದವು. ಲಾರಿಯನ್ನು ಅರಕಲಗೂಡಿನ ಕಡೆಯವರು ಕೊಂಡರು. ಅವರು ಅದನ್ನು ಹೊಡೆದುಕೊಂಡು ಹೋದ ದಿನ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ಹೊಸಲು ದಾಟಲಿಲ್ಲ. ಕೈಗೆ ವ್ಯಾಯಾಮವಾಗಲಿ ಎಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿ ಹೋಗಿ ಅಲ್ಲೇ ಸಂಸಾರ ಹೂಡಿತು. ರಸ್ತೆಯಲ್ಲಿ ಯಾವುದಾದರೂ ಲಾರಿ ಹಾರ್ನ್ ಹೊಡೆದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: “ಟೀವಿ ಜೋರು ಮಾಡಿ.”

ಅಮ್ಮ ಹಾಸನದ ಗಾರ್ಮೆಂಟ್ಸಿಗೆ ಬೆಳಗಿನ ಬಸ್ಸಿಗೇ ಹೊರಡುತ್ತಾಳೆ. ಅಪ್ಪನ ಜೊತೆ ಮನೆಯಲ್ಲಿ ವಯಸ್ಸಾದ ಅಜ್ಜಿಯಲ್ಲದೆ ಇನ್ನೊಬ್ಬರು ಇರಬೇಕಿತ್ತು. ಮನೆಯಲ್ಲಿ ಬಾಯಿಬಿಡದೆ ಇರುವುದರಲ್ಲಿ ನನಗಿಂತ ಅನುಭವಸ್ಥರು ಯಾರು? ಹಾಗಾಗಿ ಕಾಲೇಜು ಬಿಟ್ಟದ್ದಕ್ಕೆ ಯಾರೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಚೆನ್ನಾಗಿತ್ತು.

ಇನ್ನು ನನ್ನ ಹವ್ಯಾಸದ ವಿಷಯ. ನಾನು ಮಾಡೆಲ್ ಕಿಟ್ ಜೋಡಿಸುತ್ತೇನೆ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಚೂರುಗಳು ಬರುತ್ತವೆ. ಅವನ್ನು ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ನಿಜವಾದ ವಿಮಾನವೋ ಹಡಗೋ ಅಂಗೈಯಷ್ಟಾಗಿ ನಿಲ್ಲುತ್ತದೆ. ಈ ಸಲ ಫೋನಿನಲ್ಲಿ ಹುಡುಕಿ ಒಂದು ಲಾರಿಯ ಕಿಟ್ ತರಿಸಿದೆ. ನಿಜವಾದದ್ದರ ಇಪ್ಪತ್ತನಾಲ್ಕನೇ ಒಂದು ಪಾಲು. ಆದರೆ ಅದು ಪರದೇಶದ ಲಾರಿ! ಮೂತಿ ಬೇರೆ, ಬಾಡಿ ಬೇರೆ, ಸ್ಟೇರಿಂಗಂತೂ ಎಡಗಡೆ! ಮೂತಿಯನ್ನು ಬಿಸಿ ಸೂಜಿಯಿಂದ ಕೊಯ್ದು ತಿದ್ದಿದೆ. ಐಸ್‌ಕ್ರೀಮ್ ಕಡ್ಡಿಗಳಿಂದ ಮರದ ಬಾಡಿ ಕಟ್ಟಿದೆ. ಸ್ಟೇರಿಂಗನ್ನು ಎಡದಿಂದ ಬಲಕ್ಕೆ ತರುವಷ್ಟರಲ್ಲಿ ಒಂದು ರಾಜ್ಯದ ರಾಜಧಾನಿಯನ್ನೇ ಸ್ಥಳಾಂತರಿಸಿದಷ್ಟು ಸುಸ್ತಾಯಿತು.

ಅಜ್ಜಿ ಚಿಕ್ಕಲಕ್ಷ್ಮಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಳು. ಅವಳು ಅಪ್ಪನ ಅಮ್ಮ, ಕಟ್ಟಾಯದ ಕಡೆಯವಳು. ಅವಳ ದನಿ ಈಗಲೂ ಗದ್ದೆಯಿಂದ ಗದ್ದೆಗೆ ಕೂಗುವ ಅಳತೆಯಲ್ಲೇ ಇದೆ.

“ಏನೇ ಇದು ಗಬ್ಬು ವಾಸ್ನೆ! ಮನೇಲಿ ಏನ್ ಬೇಯಿಸ್ತಾ ಇದ್ದೀಯೇ ಸಿಂಧು?”

“ಅಂಟು ಅಜ್ಜಿ. ಮೆಲ್ಲಗೆ ಮಾತಾಡು, ಅಪ್ಪಂಗೆ ಕೇಳುತ್ತೆ.”

“ಈ ವಾಸ್ನೆ ಮೂಗಿಗೆ ಬಡಿಯಾಗಿಲ್ವಾ ಅವುಂಗೆ? ಲಕ್ವ ಒಡೆದಿರಾದು ಕೈಗೆ ಕಣೇ, ಮೂಗಿಗಲ್ಲ!”

ನಿಜವಾದ ಕುತ್ತು ಅಮ್ಮನಿಂದ ಬಂತು. ಒಂದು ಸಂಜೆ ಬಸ್ಸಿಳಿದು ಬಂದವಳು ನನ್ನ ಮೇಜಿನ ಮುಂದೆ ನಿಂತಳು. ಲಾರಿಯ ಹಸಿರು ಕ್ಯಾಬಿನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ಇದುನ್ನ ನಿಮ್ಮಪ್ಪಂಗೆ ತೋರಿಸ್ಬ್ಯಾಡ.”

“ಯಾಕಮ್ಮ?”

“ಮರೀತಾ ಅವ್ರೆ. ನೆಪ್ಪು ಮಾಡ್ಬ್ಯಾಡ. ಇಷ್ಟು ಸಾಕಾಗೈತೆ ನಂಗೆ.”

ಇಷ್ಟು ಹೇಳಿ ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ಹೋದಳು. ನಾನು ಹೂಂ ಅಂದೆ. ಆದರೆ ಕೆಲಸ ನಿಲ್ಲಿಸಲಿಲ್ಲ. ಲಾರಿಯನ್ನು ನೋಡಿದರೆ ಅಪ್ಪ ಗೋಡೆ ಬಿಟ್ಟು ಈ ಕಡೆ ತಿರುಗುತ್ತಾನೆ ಎಂದು ನನಗೆ ಯಾಕೋ ಗಟ್ಟಿಯಾಗಿ ಅನ್ನಿಸಿತ್ತು. ಅದೊಂದೇ ಅಲ್ಲವೇ ನನ್ನ ಕೈಲಾಗುವ ಔಷಧಿ!

ಕೊನೆಗೆ ಉಳಿದದ್ದು ಕೊಳೆ. ಪ್ರಪಂಚವೆಲ್ಲ ಕೊಳೆ ತೊಳೆಯುತ್ತದೆ. ನಮ್ಮ ಹವ್ಯಾಸದವರು ಮಾತ್ರ ಕುಂಚ ಹಿಡಿದು ಕೊಳೆ ಮಾಡುತ್ತಾರೆ! ಹೊಳೆಯುವ ಹೊಸ ಬಣ್ಣ ಇದ್ದರೆ ಅದು ಆಟದ ಸಾಮಾನು. ಧೂಳು, ತುಕ್ಕು, ಎಣ್ಣೆ ಜಿನುಗಿದ ಕಲೆ ಬಂದರೇ ಅದು ಲಾರಿ. ಕಟ್ಟಾಯದ ಕೆಂಪುಮಣ್ಣನ್ನು ಅಮ್ಮನ ಹಳೇ ಸೀರೆಯಲ್ಲಿ ಜರಡಿ ಹಿಡಿದೆ. ಶೆಟ್ಟಿಹಳ್ಳಿ ಹಿನ್ನೀರಿನ ಕೆಸರನ್ನು, ಅಲ್ಲಿ ನೆಂಟರ ಮನೆಗೆ ಹೋಗಿದ್ದ ಅಜ್ಜಿಯಿಂದ ಒಂದು ಔಷಧಿ ಡಬ್ಬಿಯಷ್ಟು ತರಿಸಿಕೊಂಡೆ. (“ಊರೋರೆಲ್ಲ ಮೀನು ತತ್ತಾರೆ, ನಾನು ಮಣ್ಣು ಹೊತ್ಕಂಡ್ ಬಂದೆ!” ಎಂದು ಅವಳು ಈಗಲೂ ಹೇಳಿಕೊಂಡು ತಿರುಗುತ್ತಾಳೆ.) ಟೈರಿಗೆ ಆ ಕೆಸರು, ಬಾಡಿಗೆ ಆ ಧೂಳು, ಗಾಜಿನ ಮೇಲೆ ವೈಪರ್ ಆಡಿದ ಕಮಾನು, ಬಾಗಿಲಿನ ಮೇಲೆ ಅಪ್ಪ ಮೊಣಕೈ ಊರುತ್ತಿದ್ದ ಕಡೆ ಮಾತ್ರ ಸವೆದು ನುಣುಪು. ಸಂಜೆ ಹೊತ್ತು ಜಗಲಿಯಲ್ಲಿ ಕಾಯುತ್ತಿದ್ದಾಗ ತಿರುವಿನಲ್ಲಿ ಕಾಣಿಸುತ್ತಿದ್ದ ಲಾರಿ ಹೇಗಿತ್ತೋ ಹಾಗೇ ಬಂತು. ನೋಡಿ ನನ್ನ ಕಣ್ಣೇ ತುಂಬಿತು. ಒಂದೇ ಒಂದು ಭಯವಿತ್ತು: ಈ ಧೂಳಿಗೆ ನೀರು ತಾಗಬಾರದು.

ಆಯುಧಪೂಜೆಯ ಬೆಳಿಗ್ಗೆ ನಾನು ಹೂವು, ಬೂದುಗುಂಬಳಕಾಯಿ ತರಲು ಬಸ್ ಸ್ಟ್ಯಾಂಡಿನ ಕಡೆ ಹೋದೆ. ಲಾರಿ ನನ್ನ ಗೂಡಿನಲ್ಲಿ ಬಟ್ಟೆ ಹೊದ್ದು ಭದ್ರವಾಗಿತ್ತು. ಪೂಜೆಯೆಲ್ಲ ಆದಮೇಲೆ, ಅಮ್ಮನನ್ನು ಒಪ್ಪಿಸಿ, ಮೆಲ್ಲಗೆ ಅಪ್ಪನಿಗೆ ತೋರಿಸಬೇಕೆಂಬುದು ನನ್ನ ಯೋಜನೆ.

ಯೋಜನೆಯಲ್ಲಿ ಅಜ್ಜಿಗೆ ಜಾಗವಿರಲಿಲ್ಲ. ಅದೇ ತಪ್ಪಾದದ್ದು!

ಹಬ್ಬದ ದಿನ ಮನೆಯಲ್ಲಿ ಕಬ್ಬಿಣ, ಚಕ್ರ, ಮೊನೆ ಇರುವ ಒಂದು ಸಾಮಾನನ್ನೂ ಅಜ್ಜಿ ಬಿಡುವುದಿಲ್ಲ. ಕುಡುಗೋಲು, ಈಳಿಗೆಮಣೆ, ಅಮ್ಮನ ಹೊಲಿಗೆ ಮಿಷನ್ನು, ನನ್ನ ಉಗುರು ಕತ್ತರಿ, ಎಲ್ಲವನ್ನೂ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದಳು. ಚಕ್ರವಿದೆ ಎಂಬ ನ್ಯಾಯದ ಮೇಲೆ ಲಾರಿಯನ್ನೂ!

ನಾನು ಕುಂಬಳಕಾಯಿ ಹೊತ್ತು ತಿರುವಿಗೆ ಬಂದಾಗ ಜಗಲಿಯಲ್ಲಿ ಯಾರೋ ಕೂತಿದ್ದರು. ಎರಡು ಹೆಜ್ಜೆ ಹತ್ತಿರ ಬಂದಮೇಲೆ ಕಾಲು ಅಲ್ಲೇ ನಿಂತವು. ಅಪ್ಪ! ಬಾಗಿಲಿಂದ ಲಾರಿ ಕಂಡು ಅಜ್ಜಿಯ ಹೆಗಲು ಹಿಡಿದು ಬಂದಿರಬೇಕು, ಕಂಬಕ್ಕೆ ಒರಗಿ ಕೂತಿದ್ದ. ಪಕ್ಕದಲ್ಲಿ ಬಕೆಟ್ಟು. ಲಾರಿಯನ್ನು ಕೆಲಸ ಮಾಡದ ಬಲಗೈಗೂ ಎದೆಗೂ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು, ಒಂದು ಪ್ಯಾಕೆಟ್ ಶಾಂಪೂ ಸುರಿದು ಗಸಗಸ ಉಜ್ಜುತ್ತಿದ್ದ. ಕಟ್ಟಾಯದ ಧೂಳು, ಶೆಟ್ಟಿಹಳ್ಳಿಯ ಕೆಸರು, ನನ್ನ ವೈಪರಿನ ಕಮಾನು ಎಲ್ಲ ನೊರೆಯಾಗಿ ಅವನ ಪಂಚೆಯ ಮೇಲೆ ಇಳಿಯುತ್ತಿದ್ದವು.

“ಅಪ್ಪಾ!” ಎಂದು ಚೀರಿದೆ. ಚೀರಿದ್ದು ನನಗೆ ಮಾತ್ರ ಕೇಳಿಸಿತು.

ಅಪ್ಪ ತಲೆಯೆತ್ತಿದ. ಅವನ ಮಾತು ಈಗ ಒಂದು ಕಡೆಯಿಂದ ಜಾರಿ ಬರುತ್ತದೆ.

“ಯಾವನೇ ಈ ಗಾಡೀ ಡ್ರೈವರ್ರು? ಅಬ್ಬದ ದಿನ ಇಂಗ್ ನಿಲ್ಸವ್ನೆ? ಮಾನ ಮರ್ವಾದೆ ಇಲ್ವಾ ಅವುಂಗೆ?”

“ಅದು ಕೊಳೆಯಲ್ಲ ಅಪ್ಪ… ಬಣ್ಣ. ನಾನೇ ಬಳಿದದ್ದು.”

“ಬಳಿದಿದ್ದಾ? ಕೊಳೇನಾ?” ಅಪ್ಪ ಅಜ್ಜಿಯ ಕಡೆ ತಿರುಗಿದ. “ಕೇಳ್ದೇನವ್ವಾ? ನನ್ ಮಗ್ಳು ಕೊಳೆಗೂ ಕುಂಚ ಇಡೀತಾಳಂತೆ!”

“ಆ ಮಣ್ಣು ನಾನೇ ಒತ್ತಿದ್ದು ಕಣಪ್ಪ,” ಎಂದಳು ಅಜ್ಜಿ, ಅಷ್ಟು ಹೊತ್ತೂ ಹೊತ್ತುಕೊಂಡೇ ಇದ್ದವಳಂತೆ.

ಅಪ್ಪ ಕ್ಯಾಬಿನ್ನಿನೊಳಗೆ ಕಣ್ಣು ತೂರಿಸಿ ನೋಡಿದ. ಸ್ಟೇರಿಂಗು ಎಡಗಡೆ ಇದ್ದದ್ದು, ನಾನು ಬಲಕ್ಕೆ ತಂದದ್ದು ಎಲ್ಲ ಹೇಳಿದೆ.

“ಎಡಗಡೇನೇ ಬುಡಾದಲ್ವಾ,” ಎಂದ. “ಈಗ ನಂಗೆ ಅದೇ ಕೈ ಇರಾದು.”

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಪ್ಪ ಮಾತ್ರ ನಗುತ್ತಿದ್ದ. ಯುಗಾದಿಯಿಂದೀಚೆಗೆ ಅವನು ಒಟ್ಟಿಗೆ ಇಷ್ಟು ಮಾತಾಡಿರಲಿಲ್ಲ.

ಗಾಡಿ ಹೊರಬಿತ್ತು ಎಂದಮೇಲೆ ಪೂಜೆ ಬಿಡಲಾಗುತ್ತದೆಯೇ? ಅಜ್ಜಿ ಆರಂಭಿಸಿಯೇಬಿಟ್ಟಳು! ಮುಂದಿನ ಗಾಜಿಗೆ ವಿಭೂತಿಯ ಮೂರು ಪಟ್ಟೆ ಎಳೆದಳು. ಎರಡನೆಯದಕ್ಕೇ ಗಾಜು ಮುಗಿದುಹೋಯಿತು. ಒಂದು ಮೊಳ ಚೆಂಡುಹೂವು ಹಾಕಿದಳು. ಲಾರಿ ಕಾಣದೆ ಹೂವಿನ ರಾಶಿಯೊಂದೇ ಉಳಿಯಿತು. “ಅಜ್ಜಿ, ಸಾಕು!” ಅಂದೆ. ಕರ್ಪೂರದ ತಟ್ಟೆಯನ್ನು ಬಾನೆಟ್ಟಿನ ಮೂಗಿಗೇ ಹಿಡಿದಳು. ಪ್ಲಾಸ್ಟಿಕ್ಕಿನ ಬಂಪರು ನಾಚಿಕೊಂಡು ತಲೆ ತಗ್ಗಿಸಿತು. “ಅಜ್ಜೀ, ಸುಡ್ತಾ ಇದೆ!” ಅಂದೆ. ಲಾರಿಯ ಎರಡರಷ್ಟು ದಪ್ಪದ ಕುಂಬಳಕಾಯಿಯನ್ನು ನೀವಾಳಿಸಿ ಪಕ್ಕದಲ್ಲೇ ಅಪ್ಪಳಿಸಿದಳು. ಕುಂಕುಮ ಬೆರೆತ ತಿರುಳು ಹಾರಿ ಬಂದು ಬಾಡಿಗೆ ಲೋಡು ತುಂಬಿತು!

ಈ ಗಲಾಟೆಗೆ ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಲಾರಿಯನ್ನು ನೋಡಿದಳು, ಜಗಲಿಯಲ್ಲಿ ಕೂತ ಅಪ್ಪನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ಕಂಬದ ಹಿಂದೆ ಸರಿದೆ.

“ನಿಂಬೆಹಣ್ಣು ತಾರೇ ಆಶಾ,” ಎಂದ ಅಪ್ಪ. “ಟೈರಿಗೆ ಅತ್ತಸ್ಬೇಕು.”

ಅಮ್ಮ ಒಳಗೆ ಹೋಗಿ, ಇದ್ದುದರಲ್ಲೇ ಪುಟ್ಟ ನಿಂಬೆಹಣ್ಣು ಆರಿಸಿ ತಂದಳು. ಆದರೂ ಅದು ಚಕ್ರದಷ್ಟೇ ಇತ್ತು. ಅಜ್ಜಿ ಅದನ್ನು ಮುಂದಿನ ಟೈರಿಗೆ ಒತ್ತಿಟ್ಟಳು. “ಯಾರು ಒಡಿಯಾದು ಗಾಡಿಯ?”

“ಇನ್ಯಾರು?” ಎಂದ ಅಪ್ಪ.

ಎಡಗೈಯಿಂದ ಬಲಗೈಯನ್ನು ಎತ್ತಿ ಲಾರಿಯ ಹಿಂಭಾಗಕ್ಕೆ ತಂದಿಟ್ಟ. ಆಮೇಲೆ ಎಡಗೈ ತೆಗೆದುಬಿಟ್ಟ. ಆ ಕೈ ಮೊದಲು ಹಾಗೇ ಬಿದ್ದಿತ್ತು. ಬೆರಳು ನಡುಗಿದವು. ಲಾರಿ ಅಕ್ಕಿಕಾಳಿನಷ್ಟು ಮುಂದೆ ಸರಿಯಿತು, ಇನ್ನಷ್ಟು ಸರಿಯಿತು, ನಿಂಬೆಹಣ್ಣಿಗೆ ಬಲವಾಗಿ ಒತ್ತಿತು.

ಟಕ್!

ಮುಂದಿನ ಚಕ್ರವೊಂದು ಜಗಲಿಯಿಂದ ಹಾರಿ ಚರಂಡಿಗೆ ಹೋಯಿತು. ನಿಂಬೆಹಣ್ಣಿಗೆ ಒಂದು ಗೀರೂ ಆಗಿರಲಿಲ್ಲ.

ಅಪ್ಪ ಬಗ್ಗಿ ನೋಡಿದ. “ಆಕ್ಸಲ್ ಕಟ್,” ಎಂದ, ಮೆಕ್ಯಾನಿಕ್ಕಿಗೆ ಹೇಳುವ ಹಾಗೆ. ಅವನ ಮುಖದ ಅರ್ಧ ಅಳುತ್ತಿತ್ತು. ಇನ್ನರ್ಧ ತನಗೇನೂ ಗೊತ್ತೇ ಇಲ್ಲದಂತೆ ಸುಮ್ಮನಿತ್ತು.

ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಮುಖ ಒರೆಸಿದಳು. ನನ್ನ ಕಡೆ ನೋಡಿ, “ನಾನೇಳ್ಲಿಲ್ವಾ ನಿಂಗೆ, ನೆಪ್ಪು ಮಾಡ್ಬ್ಯಾಡ ಅಂತ?” ಎಂದಳು.

“ಸುಮ್ನಿರೇ,” ಎಂದ ಅಪ್ಪ. “ಮರ್ತಿದ್ರಲ್ವಾ ನೆಪ್ಪು ಮಾಡಕ್ಕೆ.”

ಅಮ್ಮನ ಕೈ ಅವನ ಕೆನ್ನೆಯ ಮೇಲೇ ನಿಂತಿತು. ಅಜ್ಜಿ ಹೂವಿನ ಎಸಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ನಾನು ಚರಂಡಿಯಿಂದ ಚಕ್ರ ಹೆಕ್ಕಿ ತಂದೆ. ಏನಾದರೂ ಹೇಳಬೇಕೆನಿಸಿ, “ಸರಿ ಮಾಡ್ತೀನಪ್ಪ. ಧೂಳೂ ಮತ್ತೆ ಹಚ್ತೀನಿ. ನಿನ್ನ ಗಾಡಿ ಇದ್ದ ಹಾಗೇ ಮಾಡ್ತೀನಿ,” ಎಂದೆ.

“ನನ್ ಗಾಡಿ ಅಂಗಿರ್ಲಿಲ್ಲ ಕಣವ್ವ,” ಎಂದ ಅಪ್ಪ. “ದಿನಾ ಬೆಳಿಗ್ಗೆ ಒಳೇಲಿ ತೊಳೆದೇ ಲೋಡಿಗೆ ಓಯ್ತಿದ್ದೆ. ನೀನು ಎದ್ದಿರ್ತಿರ್ಲಿಲ್ಲ. ನೀನು ನೋಡಿರಾದು ಬರೋ ಗಾಡಿಯ. ನನ್ ಕಣ್ಣಾಗಿರಾದು ಓಗೋ ಗಾಡಿ.”

ಬಾಗಿಲಿನ ಸವೆತದವರೆಗೆ ಎಲ್ಲ ಸರಿಯಾಗಿ ನೆನಪಿಟ್ಟಿದ್ದೇನೆ ಎಂದು ಬೀಗುತ್ತಿದ್ದ ನಾನು ತಲೆ ತಗ್ಗಿಸಿದೆ, ನನ್ನ ಬಂಪರಿನ ಹಾಗೆ.

“ಆಕ್ಸಲ್ ನೀನು ಆಕು. ತೊಳ್ಯಾದು ನನ್ ಕೆಲ್ಸ. ನೀನು ಮುಟ್ಬ್ಯಾಡ,” ಎಂದು ಹೇಳಿ ಅಪ್ಪ ಅಮ್ಮನ ಹೆಗಲು ಹಿಡಿದು ಒಳಗೆ ಹೋದ. ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದ.

ಕೊಡೆಯ ಕಡ್ಡಿ ಕತ್ತರಿಸಿ ಹೊಸ ಆಕ್ಸಲ್ ಹಾಕಿದ್ದೇನೆ. ಈ ಸಲ ನಿಂಬೆಹಣ್ಣೇನು, ಹಲಸಿನಹಣ್ಣು ಇಟ್ಟರೂ ಮುರಿಯುವುದಿಲ್ಲ! ಲಾರಿಯನ್ನು ಜಗಲಿಯಲ್ಲೇ ನಿಲ್ಲಿಸಿದ್ದೇನೆ. ಹಬ್ಬ ಕಳೆದ ಮೇಲೆ ಅಪ್ಪ ಇನ್ನೂ ಹೊರಗೆ ಬಂದಿಲ್ಲ. ಹಾರ್ನ್ ಕೇಳಿದರೆ ಟೀವಿ ಜೋರು ಮಾಡಿ ಎನ್ನುವುದನ್ನು ಮಾತ್ರ ಬಿಟ್ಟಿದ್ದಾನೆ. ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಾಗುವುದಿಲ್ಲ. ಅಮ್ಮನನ್ನು ಕೇಳಲು ಧೈರ್ಯವಿಲ್ಲ.

ಅಷ್ಟರಲ್ಲಿ ಇನ್ನೊಂದು ಅವಮಾನವೂ ಆಗಿದೆ. ರಸ್ತೆಯಲ್ಲಿ ಹೋಗುವ ಲಾರಿಗಳು ಎಬ್ಬಿಸಿದ ಧೂಳು ದಿನಾ ಬಂದು ನನ್ನ ಲಾರಿಯ ಮೇಲೆ ಕೂರುತ್ತಿದೆ. ಗಾಜಿನ ಮೂಲೆಯಲ್ಲಿ ತೆಳ್ಳಗೆ, ಬಾಡಿಯ ಸಂದಿನಲ್ಲಿ ದಪ್ಪಗೆ, ಎಲ್ಲೆಲ್ಲಿ ಎಷ್ಟೆಷ್ಟು ಇರಬೇಕೋ ಅಷ್ಟೇ. ಮಣ್ಣು ಜರಡಿ ಹಿಡಿದು, ಒಂದೇ ಕೂದಲಿನ ಕುಂಚದಿಂದ ನಾನು ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ!

ನಾನು ಅದನ್ನು ಒರೆಸಿಲ್ಲ. ನಾಳೆ ಬೆಳಿಗ್ಗೆ ಅದರ ಪಕ್ಕದಲ್ಲಿ ಒಂದು ಬಕೆಟ್ ನೀರು ಇಡುತ್ತೇನೆ.